ಮರದ ಹುಟ್ಟು

ಬರ್ಗರ್ ಅಂಗಡಿಗಳ ಕಂಪನಿಯೊಂದಕ್ಕೆ ಮಾಂಸ, ಈರುಳ್ಳಿ, ಸೊಪ್ಪು ಒದಗಿಸುವವರ ಜಾಗಕ್ಕೆಲ್ಲ ಹೋಗಿ ಚೊಕ್ಕಟ ನೋಡಿಬರುವುದು ಅಕ್ಸೆಲನ ಕೆಲಸ. ಹೋದ ಕಡೆ ತೊಟ್ಟು ಕಾಫಿಯನ್ನೂ ಮುಟ್ಟಬಾರದೆಂಬುದು ಕಟ್ಟುಪಾಡು. ಡೆನ್ಮಾರ್ಕಿನಲ್ಲಿ ಕಾಫಿ ಒಲ್ಲೆ ಎಂದವನನ್ನು ಇನ್ನೊಂದು ಸಲ ಕೂರು ಎನ್ನುವವರು ಕಡಿಮೆ. ಹೆಂಡತಿ ತೀರಿಹೋದ ಮೇಲಂತೂ ಇನ್ನೊಬ್ಬರ ಮೇಜಿನೆದುರು ಕೂತದ್ದೇ ಅವನಿಗೆ ಮರೆತುಹೋಗಿತ್ತು.

ಫ್ಯೂನ್ ದ್ವೀಪದ ಥೂರಾ ಮಾತ್ರ ಪ್ರತಿ ಸಲವೂ ಕರೆಯುತ್ತಿದ್ದಳು. ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಹೋಳು ಮಾಡಿ ಕಂಪನಿಗೆ ಕಳಿಸುವವಳು, ಅವಳಿಗೂ ಗಂಡನಿರಲಿಲ್ಲ. ನನ್ನ ತೊಟ್ಟಿಗಳಿಗೆಲ್ಲ ಮೂಗು ತೂರಿಸುತ್ತೀರಿ, ನನ್ನ ಕಾಫಿ ಮಾತ್ರ ನಿಮಗಾಗದು ಎಂದು ಚುಚ್ಚುವಳು. ಇದು ತನ್ನ ಕಡೆಯ ತಪಾಸಣೆ, ನಾಳೆಯಿಂದ ನಿವೃತ್ತ ಎಂದು ಅಂದು ಅವನು ಹೇಳಿದ.

"ಹಾಗಾದ್ರೆ ನಾಳೆ ಬನ್ನಿ. ಕೇಕ್ ಮಾಡಿರ್ತೀನಿ. ನಾಳೆ ನೀವು ಯಾರ ಆಳೂ ಅಲ್ವಲ್ಲ."

ಬರುತ್ತೇನೆಂದ. ಹಾಗೆಂದದ್ದು ಅವನಿಗೇ ಸೋಜಿಗ.

ಉಕ್ಕಿನ ತೊಟ್ಟಿಗಳು ಫಳಫಳಿಸುತ್ತಿದ್ದವು. ಗೋಡೆಯಲ್ಲಿ, ತೊಟ್ಟಿಯ ಸೌತೆ ಕಲಕಲೆಂದು ಅವಳ ಗಂಡ ಕೆತ್ತಿದ್ದ ಮರದ ಹುಟ್ಟು ತೂಗುತ್ತಿತ್ತು. ಮರ ಬಿರಿಯುತ್ತದೆ, ಬಿರುಕಿನಲ್ಲಿ ಕೊಳೆ ಕೂರುತ್ತದೆ ಎಂದು ಅದರ ಬಳಕೆಯನ್ನು ಹಿಂದೆ ಬಿಡಿಸಿದವನು ಅಕ್ಸೆಲನೇ. ನೆನಪಿಗೆ ಗೋಡೆಯ ಮೇಲಿರಲಿ ಎಂದವನೂ ಅವನೇ. ಇಂದು ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿಯನ್ನು ಬೆರಳಿಂದ ನಾಲಗೆಗೆ ಮುಟ್ಟಿಸಿದ. ಉಪ್ಪು, ಸಬ್ಬಸಿಗೆ ಸೊಪ್ಪಿನ ರುಚಿ. ಅಂಚಿನಲ್ಲಿ ಬೆರಳುದ್ದದ ಸಿಬಿರೊಂದು ಹೊಸದಾಗಿ ಎದ್ದುಹೋಗಿತ್ತು. ಲೋಹದ ಚೂರಾಗಿದ್ದರೆ ಹೋಳುಗಳನ್ನು ತಪಾಸಿಸುವ ಯಂತ್ರ ಕೂಗಿ ಹೇಳುತ್ತಿತ್ತು. ಮರವನ್ನು ಅದು ಹಿಡಿಯದು.

ಥೂರಾ ಅವನ ಬೆನ್ನ ಹಿಂದೆ ನಿಂತಿದ್ದಳು.

"ಉಕ್ಕಿನದು ಕೈಗೆ ತಣ್ಣಗಿರುತ್ತೆ, ಅಕ್ಸೆಲ್. ಇದರ ಹಿಡಿ ನಮ್ಮವರ ಕೈ ಅಳತೆಗೆ ಸವೆದಿದೆ. ಕೆಲಸದವರು ಬರೋ ಮುಂಚೆ, ಒಬ್ಬಳೇ ಇರುವಾಗ ಮಾತ್ರ ತಗೋತೀನಿ."

ಅವನ ಮನೆಯಲ್ಲೂ ಹೆಂಡತಿಯ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇತ್ತು. ಹೇಳಿದರೆ ಕಂಪನಿ ಅವಳಿಂದ ಕೊಳ್ಳುವುದನ್ನು ನಿಲ್ಲಿಸುತ್ತದೆ; ಹೇಳದಿದ್ದರೆ ಆ ಸಿಬಿರು ಯಾವ ಮಗುವಿನ ಗಂಟಲಿಗೋ.

"ಹೇಳಲೇಬೇಕು, ಥೂರಾ."

"ಗೊತ್ತು," ಎಂದಳು. ಹುಟ್ಟನ್ನು ಇಳಿಸಿ ಏಪ್ರನ್ನಿನಿಂದ ಒರೆಸತೊಡಗಿದಳು. ನಾಳೆಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮನೆಯ ದಾರಿಯಲ್ಲಿ ಹೆದ್ದಾರಿ ಬದಿಯ ಬರ್ಗರ್ ಅಂಗಡಿಗೆ ಹೋಗಿ ಒಬ್ಬನೇ ಕೂತ. ಮೇಲಿನ ಬನ್ ಎತ್ತಿ ಸೌತೆಯ ಹೋಳುಗಳನ್ನು ಬಿಡಿಸಿ ಇಟ್ಟುಕೊಂಡ. ಮೊದಲನೆಯದನ್ನು ಹಲ್ಲಿನ ತುದಿಯಿಂದ, ಹುಷಾರಾಗಿ, ಮೆಲ್ಲಗೆ ಕಚ್ಚಿದ.