ನೆಟ್ಟಗೆ ನಿಂತ ಸಸಿಗಳು

ಕಲ್ಲಂಗಡಿ ಸಸಿಗಳು ಒಂದು ಕಡೆಗೆ ವಾಲಿಕೊಂಡಿರುವುದು ಮನೆಯ ಮಾನದ ಪ್ರಶ್ನೆ ಎಂದು ಡ್ರಿಲ್ ಮೇಷ್ಟ್ರು ತೀರ್ಮಾನಿಸಿದರು. ನೌಕರಿಯುದ್ದಕ್ಕೂ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ನಿವೃತ್ತರಾದವರು. ನಾಳೆ ನೆಲದ ಮೇಲೆ ಮೈಚಾಚಿ ಬಿದ್ದುಕೊಳ್ಳುವ ಬಳ್ಳಿಯೇ ಆದರೂ ಇವತ್ತು ಸೊಟ್ಟಗೆ ನಿಲ್ಲುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಸೊಸೆ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ತವರಿಗೆ ಹೋಗಿದ್ದಳು. ಮಗ ಲಾರಿಯ ಜೊತೆ ಎಲ್ಲೋ ದೂರದಲ್ಲಿದ್ದ. ಮೇಷ್ಟ್ರು ಒಂದೊಂದೇ ಸಸಿಯ ಬುಡಕ್ಕೆ ಮಣ್ಣೇರಿಸಿ, ಅಂಗೈಯಿಂದ ಒತ್ತಿ, ಇಡೀ ಹೊಲವನ್ನು ಅಟೆನ್ಷನ್ನಿಗೆ ತಂದರು.

ಆ ಮಣ್ಣಿನಲ್ಲಿ ಸೊರಗು ರೋಗವಿತ್ತು. ಹಿಂದಿನ ಬೆಳೆ ಹೋದದ್ದೇ ಅದರಿಂದ. ಸೋರೆಯ ಬೇರಿಗೆ ಅದು ಹತ್ತುವುದಿಲ್ಲವೆಂದು ತಿಳಿದು, ಸೊಸೆ ಬ್ಲೇಡು ಹಿಡಿದು ಕೂತು ಪ್ರತಿ ಸೋರೆ ಸಸಿಯ ತಲೆ ತೆಗೆದು ಕಲ್ಲಂಗಡಿ ಕುಡಿಯನ್ನು ಕಸಿ ಮಾಡಿದ್ದಳು. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಹೂತರೆ ಕಲ್ಲಂಗಡಿ ತನ್ನದೇ ಬೇರು ಬಿಟ್ಟು ರೋಗವನ್ನು ಮನೆಗೆ ಕರೆಯುತ್ತದೆ. ಇದನ್ನು ಮಾವನಿಗೆ ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಅವರು ಹೊಲಕ್ಕೆ ಕಾಲಿಡುವವರೇ ಅಲ್ಲ. ಈ ಸಲವೂ ಬೆಳೆ ಕೈಕೊಟ್ಟರೆ ಹೊಲ ಇಟ್ಟಿಗೆ ಗೂಡಿನವರಿಗೆ ಎಂದು ಗಂಡ ಮೊದಲೇ ಹೇಳಿಬಿಟ್ಟಿದ್ದ.

ಅವಳು ಮರಳುವಷ್ಟರಲ್ಲಿ ಎಲೆ ಹಬ್ಬಿ ಬುಡ ಮುಚ್ಚಿತ್ತು. ಕಾಯಿ ಮುಷ್ಟಿಯಷ್ಟಾದಾಗ ಬಳ್ಳಿಗಳು ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳತೊಡಗಿದವು. ಆಮೇಲೆ ಸಂಜೆಗೂ ಚೇತರಿಸಿಕೊಳ್ಳಲಿಲ್ಲ.

"ನೀರು ಸಾಲ್ತಿಲ್ಲ ಅನ್ಸುತ್ತಮ್ಮ," ಎಂದರು ಮೇಷ್ಟ್ರು.

ಸೊಸೆ ಒಂದು ಬಳ್ಳಿ ಕಿತ್ತಳು. ಗಂಟಿನ ಮೇಲಿನಿಂದ ಬೇರುಗಳು ಗಡ್ಡದಂತೆ ಇಳಿದಿದ್ದವು. ದಂಟನ್ನು ಅಡ್ಡಕ್ಕೆ ಕೊಯ್ದಳು. ಒಳಗೆ ಕಂದು ಉಂಗುರ.

"ಮಣ್ಣು ಯಾರು ಏರಿಸಿದ್ದು ಮಾವ?"

"ನಾನೇ. ಒಬ್ನೇ. ಎಲ್ಲಾ ಕುಡುಕರ ಥರ ವಾಲ್ತಿದ್ವು."

ಅವಳು ಬೇರು ತೋರಿಸಿ, ಪಾಠ ಒಪ್ಪಿಸುವವಳಂತೆ ಎಲ್ಲವನ್ನೂ ಹೇಳಿದಳು.

"ಒಂದ್ ಮಾತು ಹೇಳಿ ಹೋಗ್ಬಾರ್ದಿತ್ತಾ?"

"ನೀವು ಹೊಲಕ್ಕೆ ಬರ್ತೀರಿ ಅಂತ ಯಾರು ಅಂದ್ಕೊಂಡಿದ್ರು."

"ಅದೂ ಸರೀನೇ." ಮೇಷ್ಟ್ರು ಬಳ್ಳಿಯನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿದರು. "ನೀನಿಲ್ದಾಗ ಏನಾದ್ರೂ ಕೈಯಾಡಿಸೋಣ ಅನ್ನಿಸ್ತು. ಎಷ್ಟು ನೆಟ್ಟಗೆ ನಿಂತಿದ್ವು ಗೊತ್ತಾ."

"ಕೈ ತೊಳ್ಕೊಳ್ಳಿ ಮಾವ. ಊಟಕ್ಕೆ ಹೊತ್ತಾಯ್ತು."

ಗಂಡ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು "ಹೂಂ" ಎಂದ. ಮರುವಾರ ಹೊಲ ಇಟ್ಟಿಗೆ ಗೂಡಿನವರ ಪಾಲಾಯಿತು.