ಸುಣ್ಣ ಬಳಿದ ಬುಡ

ಮಗಳು ಚಿಕ್ಕವಳಿದ್ದಾಗ ಬಸ್ ಡ್ರೈವರ್ ಅವಳಿಗೊಂದು ಮಾತು ಕೊಟ್ಟಿದ್ದ. ಬಾಡಿಗೆ ಮನೆಯ ಮೆಟ್ಟಿಲ ಕಂಬಿಗೆ ಅವಳು ಕಟ್ಟಿಕೊಂಡಿದ್ದ ಜೋಕಾಲಿಯನ್ನು ಮನೆಯ ಯಜಮಾನ ಬಿಚ್ಚಿಸಿದ ದಿನವದು. ‘ಅಳಬೇಡ ಪುಟ್ಟಿ. ನಮ್ಮದೇ ಅಂತ ಮನೆ ತಗೊಂಡಾಗ ಮರ ಇರೋ ಮನೇನೇ ತಗೋತೀನಿ.’

ಪುಟ್ಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಡ್ರೈವರನ ವಾರದ ರಜೆಯಂದು ಮೂವರೂ ಒಂದು ಮನೆ ನೋಡಲು ಬಂದಿದ್ದರು. ಹೆಂಡತಿ ಅಡುಗೆಮನೆಯ ನಲ್ಲಿಗಳನ್ನು ತಿರುಗಿಸಿ ನೋಡುತ್ತಿದ್ದರೆ ಮಗಳು ನೇರ ಹಿತ್ತಲಿಗೆ ಹೋದಳು. ಅಲ್ಲಿ ಗುಲ್‌ಮೊಹರ್ ಮರ ಮೈತುಂಬ ಕೆಂಪಗೆ ಅರಳಿ ನಿಂತಿತ್ತು. ಬುಡಕ್ಕೆ ಹೊಸ ಸುಣ್ಣ. ಕಿಟಕಿಯ ಸರಳಿನಿಂದ ಅದರ ಕಾಂಡಕ್ಕೆ ಬಟ್ಟೆ ಒಣಹಾಕುವ ಹಗ್ಗ.

‘ಅಪ್ಪಾ, ಇದೇ ಮನೆ!’

‘ನಮ್ಮವರು ನೆಟ್ಟಿದ್ದು,’ ಎಂದರು ಮನೆ ಮಾರುತ್ತಿದ್ದ ನಿವೃತ್ತ ಟೀಚರು. ಗಂಡ ತೀರಿಕೊಂಡ ಮೇಲೆ ಅವರು ತಂಗಿಯ ಮನೆಗೆ ಹೊರಟಿದ್ದರು.

ಬಸ್ ಹೊರಡಿಸುವ ಮೊದಲು ಅದನ್ನೊಂದು ಸುತ್ತು ಬಂದು, ಒಂದೊಂದೇ ಟೈರಿಗೆ ಬಡಿದು ಸದ್ದು ಕೇಳುವುದು ಡ್ರೈವರನ ಅಭ್ಯಾಸ. ಮನೆಯನ್ನೂ ಹಾಗೇ ಸುತ್ತಿದ. ಮರಕ್ಕೂ ಬೆರಳ ಗೆಣ್ಣಿನಿಂದ ಬಡಿದ.

‘ಗಾಳಿ ಸರಿಯಾಗಿದ್ಯೇನ್ರೀ?’ ಹೆಂಡತಿ ಬಾಗಿಲಿನಿಂದಲೇ ನಕ್ಕಳು.

ಅವನು ನಗಲಿಲ್ಲ. ಒಂದು ಪಕ್ಕ ಗಟ್ಟಿ. ಇನ್ನೊಂದು ಪಕ್ಕ ಖಾಲಿ ಡಬ್ಬಿಯ ಸದ್ದು, ಅದರ ಮಗ್ಗುಲಲ್ಲೇ ಸುಣ್ಣದಡಿ ಸಿಮೆಂಟು. ತಲೆಯೆತ್ತಿ ನೋಡಿದ. ಹೂವುಗಳ ಹಿಂದಿನ ದಪ್ಪ ಕೊಂಬೆಗಳು ಒಣಗಿ, ಕಾಂಪೌಂಡಿನಾಚೆಯ ತಗಡಿನ ಮಾಡಿನ ಮೇಲೆ ಬಾಗಿದ್ದವು.

‘ಅಲ್ಲಿ ಯಾರಿರೋದು ಟೀಚರಮ್ಮಾ?’

‘ಕೆಲಸಕ್ಕೆ ಹೋಗೋರ ಮಕ್ಕಳನ್ನ ಒಬ್ಬಾಕೆ ನೋಡ್ಕೋತಾಳೆ. ಊಟ ಆದ್ಮೇಲೆ ಅಲ್ಲೇ ಮಲಗಿಸ್ತಾಳೆ.’

‘ಈ ಸಿಮೆಂಟು?’

‘ಪೊಟರೆ ಆಗಿತ್ತು. ಹುಳುಕು ಹಲ್ಲಿಗೆ ತುಂಬಲ್ವಾ, ಹಾಗೆ ತುಂಬಿಸ್ದೆ.’

‘ಸುಣ್ಣ?’

ಟೀಚರು ಸೆರಗಿನ ಅಂಚು ಹಿಡಿದುಕೊಂಡರು. ‘ಮನೆ ನೋಡೋಕೆ ಜನ ಬರ್ತಾರಲ್ಲಪ್ಪ... ಬಂದೋರೆಲ್ಲ ಗೋಡೆ ಬಿರುಕು ನೋಡಿದ್ರು. ಮರ ಮುಟ್ಟಿದ್ದು ನೀವೊಬ್ರೇ.’

ಹೆಂಡತಿ ಅವನನ್ನು ಗೇಟಿನ ಕಡೆಗೆ ಎಳೆದಳು. ‘ಬೇರೆ ಮನೆ ನೋಡೋಣ ಬನ್ನಿ. ನಮಗ್ಯಾಕೆ ಊರ ಉಸಾಬರಿ?’

‘ನಾವು ಹೋದ್ರೆ ಮರ ಹೋಗುತ್ತೇನೇ? ನಾಳೆ ಬಂದೋರು ಹೂವು ನೋಡಿ ಮಾರುಹೋಗ್ತಾರೆ, ಅಷ್ಟೆ.’

ಗೇಟಿನ ಚಿಲಕದ ಮೇಲೆ ಕೈಯಿಟ್ಟವನು ಹಿಂದಿರುಗಿದ. ‘ಟೀಚರಮ್ಮಾ, ಮನೆ ಹಿಡಿಸ್ತು. ಮರ ಇಲ್ಲದಿದ್ರೂ ತಗೋತೀವಿ. ತಿಳಿದವರಿಗೆ ತೋರ್ಸೋಣ. ಉಳಿಯಲ್ಲ ಅಂದ್ರೆ ಇಳಿಸೋಣ. ಅಲ್ಲೀವರೆಗೂ ಮಕ್ಕಳನ್ನ ಅಲ್ಲಿ ಮಲಗಿಸ್ಬೇಡಿ ಅಂತ ಆಕೆಗೆ ಹೇಳ್ಬೇಕು.’

‘ಹೇಳೋದು ಹೇಗೆ? ಗೊತ್ತಿದ್ದೂ ಸುಮ್ನಿದ್ಲು ಅನ್ನಲ್ವಾ?’ ಟೀಚರು ಮರದತ್ತ ತಿರುಗಿದರು. ‘ನಮ್ಮವರ ಗುರುತು ಅಂತ ಉಳಿದಿರೋದೂ ಇದೊಂದೇ.’

ಡ್ರೈವರ್ ಮಗಳತ್ತ ನೋಡಿದ.

‘ನನ್ನ ನೋಡ್ಬೇಡಪ್ಪ,’ ಎಂದಳು ಅವಳು. ‘ಈಗ ಜೋಕಾಲಿ ಹತ್ತಿದ್ರೆ ನನ್ನ ಕಾಲು ನೆಲಕ್ಕೆ ಉಜ್ಜುತ್ತೆ.’ ನಕ್ಕಳೇನೋ ನಿಜ, ಆದರೆ ಕಣ್ಣು ಮಾತ್ರ ಮರದ ಮೇಲೆಯೇ ಇತ್ತು.

ಗೋಡೆಯಾಚೆ ಮಗುವೊಂದು ಎದ್ದು ಅತ್ತಿತು. ‘ಶ್... ಮಲ್ಕೋ ಚಿನ್ನ’ ಎಂಬ ದನಿ.

ಟೀಚರು ಮರದ ಹತ್ತಿರ ಹೋದರು. ಹಗ್ಗದ ಗಂಟು ಬಿಗಿದುಹೋಗಿತ್ತು. ಡ್ರೈವರ್ ಕೈಹಾಕಲು ಬಂದರೆ ಬೇಡವೆಂದು ತಲೆಯಾಡಿಸಿ, ಉಗುರಿನಿಂದ ತಾವೇ ಬಿಡಿಸಿದರು. ಹಗ್ಗವನ್ನು ಸುತ್ತಿ ತೋಳಿಗೆ ಹಾಕಿಕೊಂಡು ಕಾಂಪೌಂಡಿನ ಬಳಿ ನಿಂತು ಕರೆದರು: ‘ಏನಮ್ಮಾ, ಒಂಚೂರು ಹೊರಗೆ ಬಾ. ಮಕ್ಕಳನ್ನೂ ಕರ್ಕೊಂಡೇ ಬಾ. ನಾನು ಯಾವತ್ತೋ ಹೇಳ್ಬೇಕಾಗಿದ್ದ ವಿಷಯ.’

ತಿಳಿದವರು ಬಂದು ನೋಡಿ, ಮರ ಉಳಿಯುವುದಿಲ್ಲ ಎಂದರು. ಕೊಂಬೆ ಕೊಂಬೆಯಾಗಿ ಇಳಿಸಿದಾಗ ಬುಡದೊಳಗೆ ಸಿಕ್ಕಿದ್ದು ಸಿಮೆಂಟಿನ ಮುದ್ದೆ, ಅದರ ಸುತ್ತ ಹಿಟ್ಟಿನಂಥ ಪುಡಿ. ಅದೇ ಮನೆಗೆ ಡ್ರೈವರನ ಸಂಸಾರ ಬಂತು. ಹಿತ್ತಲು ಬೋಳಾಗಿತ್ತು.

ಮರವಿರುವ ಮನೆಯನ್ನೇ ತೆಗೆದುಕೊಳ್ಳುತ್ತೇನೆಂದು ಮಗಳಿಗೆ ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.