ತಲೆಯ ಮೇಲಿನ ಗೂಬೆ

ವಿಶ್ವವಿದ್ಯಾಲಯದ ಲಾಂಛನ ಒಂದು ಗೂಬೆ. ತೆರೆದ ಪುಸ್ತಕದ ಮೇಲೆ ಕೂತು, ಎರಡೂ ಕಣ್ಣು ಅಗಲಿಸಿ ನೋಡುವ ಗೂಬೆ. ಆ ಗೂಬೆಯನ್ನಾಗಲಿ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಅಂಗಿ, ಚೀಲ, ಪೆನ್ನು ಯಾವುದರ ಮೇಲಾದರೂ ಹಾಕಿ ಮಾರಬೇಕೆಂದರೆ, ಮೊದಲು ಆಡಳಿತ ಕಟ್ಟಡದ ಮೂಲೆ ಕೋಣೆಗೆ ಬಂದು ಮಾದರಿ ತೋರಿಸಿ ಪರವಾನಗಿ ಪಡೆಯಬೇಕಿತ್ತು. ಆ ಕೋಣೆಯ ಅಧಿಕಾರಿಯನ್ನು ಎಲ್ಲರೂ ಮುದ್ರೆ ಮೇಡಂ ಎಂದೇ ಕರೆಯುತ್ತಿದ್ದರು. ಅವಳ ಕಪಾಟಿನ ತುಂಬ ತಿರಸ್ಕೃತ ಮಾಲು: ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಅಂಗಿ, ಹಿಡಿ ಕಿತ್ತುಬಂದ ಚಹಾ ಕಪ್ಪು, ಮೆಳ್ಳೆಗಣ್ಣಿನ ಗೂಬೆಯನ್ನು ಹೊತ್ತ ಛತ್ರಿ. ಹೆಸರು ಕೊಡುವುದೆಂದರೆ ಮಾಲಿನ ಪರವಾಗಿ ಮಾತು ಕೊಟ್ಟಂತೆ ಎಂದು ಅವಳು ನಂಬಿದ್ದಳು. ಹಾಗಾಗಿ ವ್ಯಾಪಾರಿಗಳಿಗೆ ಅವಳೆಂದರೆ ಅಷ್ಟಕ್ಕಷ್ಟೆ.

ಆ ವರ್ಷ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಯಾರೂ ನೆನೆಸದಂತೆ ಫೈನಲ್ ತಲುಪಿತು. ಊರಿಗೆ ಊರೇ ಹುಚ್ಚೆದ್ದಿತು. ಆಗ ಅರ್ಜಿ ಹಿಡಿದುಕೊಂಡು ಬಂದವನು ಅವಳ ಮೈದುನ, ಗಂಡನ ತಮ್ಮ. ಊರಾಚೆ ಅವನದೊಂದು ಟೋಪಿ ಹೊಲಿಯುವ ಕಾರ್ಖಾನೆ. ಅವನ ಮಾದರಿ ನೋಡಿದವರೆಲ್ಲ ಬಾಯಿ ಬಿಟ್ಟಿದ್ದರು. ಉಣ್ಣೆಯ ಟೋಪಿ, ಹಣೆಯ ನೇರಕ್ಕೆ ಗೂಬೆ. ಅದರ ಕೊಕ್ಕನ್ನು ಒತ್ತಿದರೆ ಎರಡೂ ಕಣ್ಣು ಝಗ್ಗನೆ ಹೊತ್ತಿಕೊಳ್ಳುತ್ತಿದ್ದವು. ಒಳಗೆ ಮಡಿಕೆಯಲ್ಲಿ ಗುಂಡಿಯಷ್ಟು ಚಿಕ್ಕ ಬ್ಯಾಟರಿ.

"ಅತ್ತಿಗೆ, ಇದು ಗೆದ್ದರೆ ನನ್ನ ಕಾರ್ಖಾನೆ ಹಣೆಬರಹಾನೇ ಬದಲಾಗುತ್ತೆ" ಎಂದಿದ್ದ.

"ಅದಕ್ಕೇ ನಾನಿದನ್ನ ಮುಟ್ಟಲ್ಲ. ಸ್ವಂತ ಮೈದುನನ ಅರ್ಜೀನ ನಾನೇ ನೋಡೋ ಹಾಗಿಲ್ಲ" ಎಂದು ಅವಳು ಅದನ್ನು ನೇರವಾಗಿ ಕುಲಸಚಿವರಿಗೆ ಕಳಿಸಿದಳು. ಕುಲಸಚಿವರು ಮಾದರಿಯನ್ನು ಪರೀಕ್ಷೆಗೆ ಕಳಿಸಿದರು, ಎಲ್ಲ ಸರಿಯಿತ್ತು, ಪರವಾನಗಿ ಕೊಟ್ಟರು. ಅಷ್ಟೇ ಅಲ್ಲ, ಟೋಪಿಗೆಂದೇ ಒಂದು ಕಾರ್ಯಕ್ರಮ ಹಾಕಿದರು. ಫೈನಲ್ ಶುರುವಾಗುವ ಮುನ್ನ ಕ್ರೀಡಾಂಗಣದ ದೀಪಗಳನ್ನೆಲ್ಲ ಆರಿಸುವುದು. ಕತ್ತಲಲ್ಲಿ ಜನರೆಲ್ಲ ಒಮ್ಮೆಗೇ ಕೊಕ್ಕು ಒತ್ತಿ ಸಾವಿರಾರು ಗೂಬೆಗಳ ಕಣ್ಣು ಬೆಳಗಿಸುವುದು.

ಮನೆಯಲ್ಲಿ ಅತ್ತೆಗೆ ಹಿಗ್ಗೋ ಹಿಗ್ಗು. "ಇಷ್ಟು ದಿನ ಜನ ಒಬ್ಬರ ಮೇಲೊಬ್ಬರು ಗೂಬೆ ಕೂರಿಸ್ತಿದ್ರು. ನನ್ನ ಮಗ ಊರವರ ತಲೆ ಮೇಲೆಲ್ಲ ಒಟ್ಟಿಗೇ ಕೂರಿಸ್ಬಿಟ್ಟ ನೋಡಿ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಫೈನಲ್ ದಿನ ಸಂಜೆ ಮುದ್ರೆ ಮೇಡಂ ಕ್ರೀಡಾಂಗಣದ ಹೊರಗೆ ಅಂಗಡಿಯಿಂದ ಅಂಗಡಿಗೆ ಹೋಗಿ ಕಳ್ಳಮಾಲು ಹುಡುಕುತ್ತಿದ್ದಳು. ಟೋಪಿಗಳು ಬಿಸಿಬಿಸಿ ಬಜ್ಜಿಯ ಹಾಗೆ ಖರ್ಚಾಗುತ್ತಿದ್ದವು. ಆಗಲೇ ಓರಗಿತ್ತಿಯ ಫೋನು ಬಂತು. ಮೈದುನನ ಹೆಂಡತಿ ಅಷ್ಟು ಸುಲಭಕ್ಕೆ ಗಾಬರಿಯಾಗುವವಳಲ್ಲ.

"ಅಕ್ಕಾ, ಹಾಸಿಗೆ ಹೊತ್ಕೊಂಡುಬಿಡ್ತು."

"ಏನಂದೆ?"

"ಮಗಳು ಟೋಪಿ ಹಾಕ್ಕೊಂಡು ಕನ್ನಡಿ ಮುಂದೆ ಕುಣೀತಿದ್ಲು. ಬಿಸಿ ಆಗ್ತಿದೆ ಅಂತ ತೆಗೆದು ಹಾಸಿಗೆ ಮೇಲೆ ಎಸೆದ್ಲು. ನಾನು ಒಳಗಿಂದ ಬರೋದ್ರೊಳಗೆ ಗೂಬೆ ಕಣ್ಣಲ್ಲಿ ಹೊಗೆ, ಹಾಸಿಗೆಗೂ ಬೆಂಕಿ. ಟೋಪೀನ ಕೈಯಲ್ಲೇ ಎತ್ತಿ ನೀರಿನ ಬಕೆಟ್ಟಿಗೆ ಹಾಕ್ದೆ, ಹಾಸಿಗೆಗೂ ನೀರು ಸುರಿದೆ. ಬೆರಳೆಲ್ಲ ಬೊಬ್ಬೆ ಬಂದಿದೆ."

"ಮಗು?"

"ಚೆನ್ನಾಗಿದಾಳೆ. ಇವರಿಗೆ ಫೋನ್ ಮಾಡಿದ್ರೆ, ಒಂದು ಟೋಪಿ ಕೆಟ್ಟಿದ್ದಕ್ಕೆ ಊರಿಗೆಲ್ಲ ಡಂಗುರ ಹೊಡೀಬೇಡ ಅಂತ ಇಟ್ಬಿಟ್ರು. ಅಕ್ಕಾ, ಅದರಲ್ಲಿರೋದು ಮೊದಲಿನ ಬ್ಯಾಟರಿ ಅಲ್ಲ. ಅದು ಸಮಯಕ್ಕೆ ಬರಲಿಲ್ಲ ಅಂತ ಎಲ್ಲಿಂದಲೋ ಬೇರೇದು ತರಿಸಿದ್ರು. ನಾನು ಹೇಳ್ದೆ ಅಂತ ಹೇಳ್ಬೇಡಿ." ಅವಳು ಉಸಿರೆಳೆದುಕೊಂಡಳು. "ಇಲ್ಲ, ಬೇಕಾದ್ರೆ ಹೇಳಿ. ಏನಾದ್ರೂ ಮಾಡಿ ಅಷ್ಟೇ."

ಮುದ್ರೆ ಮೇಡಂ ಎದುರಿಗೆ ನೋಡಿದಳು. ಒಬ್ಬ ಅಪ್ಪ ಭುಜದ ಮೇಲೆ ಮಗುವನ್ನು ಕೂರಿಸಿಕೊಂಡು ಗೇಟಿನೊಳಗೆ ಹೋಗುತ್ತಿದ್ದ. ಇಬ್ಬರ ತಲೆಯ ಮೇಲೂ ಗೂಬೆ.

ಕುಲಸಚಿವರು ಗಣ್ಯರ ಮೆಟ್ಟಿಲ ಬಳಿ ಟಿವಿಯವರೊಂದಿಗೆ ಮಾತಾಡುತ್ತ ನಿಂತಿದ್ದರು. ಅವಳು ಅವರನ್ನು ಪಕ್ಕಕ್ಕೆ ಕರೆದಳು.

"ಸರ್, ಟೋಪಿ ಮಾರಾಟ ಈಗಲೇ ನಿಲ್ಲಿಸ್ಬೇಕು. ದೀಪ ಆರಿಸೋ ಕಾರ್ಯಕ್ರಮಾನೂ ಬೇಡ. ಒಳಗಿರೋ ಬ್ಯಾಟರಿ ಮಾದರಿಯಲ್ಲಿದ್ದದ್ದಲ್ಲ. ಹೊತ್ಕೊಳ್ಳುತ್ತೆ."

ಕುಲಸಚಿವರು ಅವಳನ್ನೇ ನೋಡಿದರು. "ನಿಮ್ಮ ಮೈದುನನ ಅರ್ಜಿ ಬಂದಾಗ ನನಗೂ ಅದಕ್ಕೂ ಸಂಬಂಧ ಇಲ್ಲ ಅಂದೋರು ನೀವು. ಈಗ ಎಲ್ಲಿಂದ ಬಂತು ಸಂಬಂಧ? ಮನೇಲೇನಾದ್ರೂ ಜಗಳಾನಾ?"

ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. "ನನ್ನ ಓರಗಿತ್ತಿ ಬೆರಳು ಸುಟ್ಕೊಂಡಿದಾಳೆ ಸರ್."

"ನಾನು ನೋಡಿದ್ನಾ? ನೀವು ನೋಡಿದ್ರಾ? ಕುಲಪತಿಗಳು ಬಂದು ಕೂತಿದಾರೆ. ಒಂದು ಫೋನು ನಂಬಿ ಎಲ್ಲ ನಿಲ್ಲಿಸಿ, ಕಡೆಗೆ ಏನೂ ಇಲ್ಲ ಅಂತಾದ್ರೆ ಎಲ್ಲರೂ ಗೂಬೆ ಕೂರಿಸೋದು ನನ್ನ ಮೇಲೆ." ತಾವಾಡಿದ ಮಾತು ಅವರ ಕಿವಿಗೇ ವಿಚಿತ್ರವಾಗಿ ಕೇಳಿಸಿರಬೇಕು, ದನಿ ತಗ್ಗಿಸಿದರು. "ಮತ್ತೆ ಇಷ್ಟು ಜನದ ಮುಂದೆ ಬೆಂಕಿ ಅನ್ನೋ ಮಾತೆತ್ತಿದ್ರೆ ಏನಾಗುತ್ತೆ ಗೊತ್ತಾ? ಟೋಪಿ ಸುಡೋದಕ್ಕೆ ಮುಂಚೆ ಕಾಲ್ತುಳಿತದಲ್ಲೇ ಜನ ಸಾಯ್ತಾರೆ. ಮಾಡಿದವನು ಬಾಯಿಬಿಟ್ಟು ಹೇಳ್ಲಿ, ಆಮೇಲೆ ನೋಡೋಣ."

ಕಾಲ್ತುಳಿತದ ಮಾತು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳು ಮೆಟ್ಟಿಲನ್ನು ಎರಡೆರಡಾಗಿ ಏರಿ ಒಳಗೆ ಹೋದಳು. ಆಸನಗಳೆಲ್ಲ ಭರ್ತಿ. ಕೆಲವರು ಆಗಲೇ ಕೊಕ್ಕು ಒತ್ತಿ ನೋಡುತ್ತಿದ್ದರು. ಅಲ್ಲೊಂದು ಇಲ್ಲೊಂದು ಹಳದಿ ಕಣ್ಣು ಮಿನುಗಿ ಆರುತ್ತಿತ್ತು.

ಮೈದುನ ಕೆಳಗಿನ ಸಾಲಿನ ಕಂಬಿಗೆ ಒರಗಿ ನಿಂತಿದ್ದ. ಹೊಸ ಕೋಟು, ತಲೆಯ ಮೇಲೆ ಟೋಪಿ. ಅತ್ತಿಗೆಯನ್ನು ಕಂಡದ್ದೇ ಅವನ ನಗು ಮಾಸಿತು.

"ಅವಳು ಫೋನ್ ಮಾಡಿದ್ಲಾ?"

"ಬ್ಯಾಟರಿ ಬದಲಾಯಿಸಿದೀಯಾ ಇಲ್ವಾ, ಅಷ್ಟು ಹೇಳು."

"ಒಂದೆರಡು ಸ್ವಲ್ಪ ಬಿಸಿ ಆಗ್ತವೆ ಅತ್ತಿಗೆ. ಅದನ್ನೇ ದೊಡ್ಡದು ಮಾಡ್ಬೇಡಿ. ಎಷ್ಟು ಜನ ಕೆಲಸದವರು ಇದನ್ನೇ ನಂಬ್ಕೊಂಡಿದಾರೆ ಗೊತ್ತಾ ನಿಮಗೆ?"

"ಬದಲಾಯಿಸಿದೀಯಾ?"

ಅವನು ಸಿಡಿದ. "ನೀವು ಮೊದಲಿಂದಲೂ ಹೀಗೇ. ಅರ್ಜಿ ಕೊಟ್ಟಾಗ ಕೈಗೆ ಮಸಿ ಹತ್ತುತ್ತೆ ಅನ್ನೋ ಹಾಗೆ ದೂರ ನಿಂತ್ರಿ. ಈಗ ನಾಲ್ಕು ಜನ ನನ್ನ ಹೆಸರು ಹೇಳೋ ಹೊತ್ತಿಗೆ ಕಲ್ಲು ಹಾಕೋಕೆ ಬಂದ್ರಿ. ಮನೆಯವನು ಮುಂದೆ ಬಂದ್ರೆ ನಿಮಗ್ಯಾಕೆ ಹೊಟ್ಟೆಯುರಿ?"

ಜಗಳಕ್ಕೆ ಹೊತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೈದಾನದ ತುದಿಯಲ್ಲಿ ದೀಪ ಆರಿಸುವವರು ಸ್ವಿಚ್ಚಿನ ಪೆಟ್ಟಿಗೆಯ ಬಳಿ ಸೇರುತ್ತಿದ್ದರು. ಅವಳು ಮೇಲೆ ಬೆರಳು ತೋರಿಸಿದಳು. ಅವರಿಂದ ಹತ್ತಾರು ಸಾಲು ಮೇಲೆ ಅತ್ತೆ ಕೂತಿದ್ದಳು. ನರೆತ ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು, ಪಕ್ಕದವಳಿಗೆ ಏನೋ ಹೇಳುತ್ತ, ಮಗನ ಕಡೆಗೇ ಕೈ ತೋರಿಸುತ್ತಿದ್ದಳು.

"ಹೋಗು. ನಿನ್ನ ಕೈಯಾರೆ ಅಮ್ಮನ ಟೋಪಿ ಕೊಕ್ಕು ಒತ್ತಿ, ಪಂದ್ಯ ಮುಗಿಯೋವರೆಗೂ ಪಕ್ಕದಲ್ಲೇ ಕೂತ್ಕೋ. ನೀನು ಹಾಗೆ ಕೂತ್ರೆ ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ಮೈದುನ ಮೇಲೆ ನೋಡಿದ. ಅಮ್ಮ ಮಗನನ್ನು ಕಂಡು ಕೈ ಬೀಸಿದಳು. ಆಮೇಲೆ, ನೋಡಿಲ್ಲಿ ಎಂಬಂತೆ, ಬೆರಳನ್ನು ಹಣೆಯ ಹತ್ತಿರ ತಂದು ಕೊಕ್ಕನ್ನು ಹುಡುಕತೊಡಗಿದಳು.

"ಅಮ್ಮಾ!" ಎಂದು ಕಿರುಚಿದವನೇ ಅವನು ಆಸನಗಳ ನಡುವೆ ನುಗ್ಗಿದ. ಯಾರದೋ ಕಾಲು ತುಳಿದ, ಯಾರದೋ ಚಹಾ ಚೆಲ್ಲಿದ. ಬೈಗುಳ ತಿನ್ನುತ್ತಲೇ ಮೇಲೆ ತಲುಪಿ ಅಮ್ಮನ ತಲೆಯ ಮೇಲಿನ ಟೋಪಿಯನ್ನು ಕಿತ್ತುಕೊಂಡ. ಅವಳ ಕೂದಲು ಕೆದರಿ ಮುಖದ ಮೇಲೆ ಬಿತ್ತು. "ಏನೋ ಇದು, ಹುಚ್ಚು ಹಿಡೀತಾ ನಿನಗೆ?" ಎಂದು ಅವಳು ಕೇಳುತ್ತಿದ್ದಳು. ಅವನು ಟೋಪಿಯ ಮಡಿಕೆ ಹರಿದು ಬ್ಯಾಟರಿ ಕಿತ್ತು ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದು ಬಂದ. ಮುಖ ಸುಣ್ಣದಂತಾಗಿತ್ತು.

"ಬನ್ನಿ ಅತ್ತಿಗೆ. ಎಲ್ಲಿಗೆ ಹೋಗ್ಬೇಕು ಹೇಳಿ."

ಮೇಲಂತಸ್ತಿನ ಧ್ವನಿವರ್ಧಕದ ಕೋಣೆಯಲ್ಲಿ ಪ್ರಕಟಣೆ ಓದುವವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ಸಾವಧಾನದ ದನಿಯ ನಡುವಯಸ್ಸಿನ ಮನುಷ್ಯ. ಅವಳು ಕುಲಸಚಿವರಿಗೆ ಫೋನ್ ಹಚ್ಚಿ ಮೈದುನನ ಕೈಗೆ ಕೊಟ್ಟಳು. "ಹೌದು ಸರ್. ಬದಲಾಯಿಸಿದೀನಿ. ಹೌದು, ಹೊತ್ಕೊಳ್ಳುತ್ತೆ" ಎಂದ ಅವನು. "ದೀಪ ಆರಿಸ್ಬೇಡಿ ಅಂತ ನಾನು ಹೇಳ್ತೀನಿ. ಜನಕ್ಕೆ ಏನು ಹೇಳ್ತೀರೋ ಅದು ನಿಮ್ಮ ತಲೆಗೆ ಬಿಟ್ಟದ್ದು" ಎಂದು ಕುಲಸಚಿವರು ಫೋನಿಟ್ಟರು.

"ಏನಾದ್ರೂ ಬೇರೆ ನೆಪ ಹೇಳೋಣ. ಆಟಗಾರರು ಸಹಿ ಹಾಕ್ತಾರೆ, ಟೋಪಿ ಕೊಡಿ ಅನ್ನೋಣ" ಎಂದ ಪ್ರಕಟಣೆಯವನು.

"ಬೇಡ. ಸುಳ್ಳು ಹೇಳಿದ್ರೆ ಅರ್ಧ ಜನ ಕೊಡಲ್ಲ, ಜೇಬಲ್ಲಿಟ್ಕೋತಾರೆ" ಎಂದಳು ಮುದ್ರೆ ಮೇಡಂ. "ನಿಜಾನೇ ಹೇಳಿ, ಮೆಲ್ಲಗೆ ಹೇಳಿ."

ಪ್ರಕಟಣೆಯವನು ಶುರು ಮಾಡಿದ. ಗೂಬೆ ಟೋಪಿಯ ದೀಪದಲ್ಲಿ ದೋಷವಿದೆ, ಬಿಸಿಯಾಗುತ್ತದೆ, ಯಾರೂ ಒತ್ತಬೇಡಿ. ಕೂತಲ್ಲೇ ಕೂತು, ಟೋಪಿ ತೆಗೆದು, ಕೈಯಿಂದ ಕೈಗೆ ದಾಟಿಸಿ ಓಡಾಡುವ ದಾರಿಯ ಬದಿಗೆ ಕೊಡಿ. ಕ್ರೀಡಾಂಗಣದಲ್ಲಿ ಗುಜುಗುಜು ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಬಹಳ ಜನ ನಕ್ಕರು. ಟೋಪಿ ತೆಗೆದವರು ಕೆಲವರೇ. ಎದುರು ಬದಿಯಲ್ಲಿ ಹುಡುಗರ ಗುಂಪೊಂದು ಬೇಕೆಂದೇ ಕಣ್ಣುಗಳನ್ನು ಬೆಳಗಿಸಿ ಕೇಕೆ ಹಾಕಿತು.

ಮೈದುನ ಮೈಕನ್ನು ತನ್ನ ಕಡೆಗೆ ಎಳೆದುಕೊಂಡ. ಅತ್ತಿಗೆ ತಡೆಯಲಿಲ್ಲ.

"ಈ ಟೋಪಿ ಮಾಡಿದವನು ನಾನು" ಎಂದ. ಇಡೀ ಕ್ರೀಡಾಂಗಣಕ್ಕೆ ಕೇಳಿಸಿತು. "ಒಳಗೆ ಕೆಟ್ಟ ಬ್ಯಾಟರಿ ಹಾಕಿದೀನಿ. ತಪ್ಪು ನಂದು. ಇವತ್ತು ನನ್ನ ಹೆಂಡತಿ ಕೈ ಸುಟ್ಟಿದೆ. ಈಗಷ್ಟೇ ನನ್ನ ತಾಯಿ ತಲೆಯಿಂದ ಟೋಪಿ ಕಿತ್ಕೊಂಡು ಬಂದಿದೀನಿ. ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ಮಕ್ಕಳ ತಲೆಯಿಂದ ಮೊದಲು ತೆಗೀರಿ. ಯಾರೂ ಏಳ್ಬೇಡಿ, ಓಡ್ಬೇಡಿ. ತೆಗೆದು ಪಕ್ಕದವರಿಗೆ ಕೊಡಿ ಅಷ್ಟೇ."

ನಗು ನಿಂತಿತು. ಕೆಳಸಾಲಿನಲ್ಲಿ ಒಬ್ಬ ತಾಯಿ ಮಗುವಿನ ಟೋಪಿ ತೆಗೆದಳು. ಪಕ್ಕದವನು ತೆಗೆದ. ನೋಡನೋಡುತ್ತಿದ್ದಂತೆ ಸಾಲು ಸಾಲೇ ಬೋಳಾಗತೊಡಗಿತು, ಟೋಪಿಗಳು ಕೈಯಿಂದ ಕೈಗೆ ಹರಿಯತೊಡಗಿದವು. ಕಾವಲಿನವರು ನೀರು ತುಂಬಿದ ತೊಟ್ಟಿಗಳನ್ನು ಎಳೆದು ತಂದು ದಾರಿಗಳಲ್ಲಿ ಇಟ್ಟರು.

ಅಷ್ಟರಲ್ಲಿ ಎದುರು ಬದಿಯ ಹುಡುಗರ ಗುಂಪಿನಿಂದ ಬಿಳಿ ಹೊಗೆ ಮೇಲೆದ್ದಿತು. ಯಾರೋ ಚೀರಿದರು. ಸುತ್ತಲಿನವರು ಎದ್ದು ನಿಂತರು, ಅವರ ಹಿಂದಿನವರೂ ಎದ್ದರು. ಜನ ಬಾಗಿಲ ಕಡೆಗೆ ವಾಲಿದ್ದು ಮೇಲಿನ ಕೋಣೆಯಿಂದ ಸ್ಪಷ್ಟವಾಗಿ ಕಂಡಿತು. ಮುದ್ರೆ ಮೇಡಂ ಕಿಟಕಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪ್ರಕಟಣೆಯವನು ಮಾತ್ರ ದನಿ ಏರಿಸಲಿಲ್ಲ. "ಒಂದು ಟೋಪಿ. ಒಂದೇ ಒಂದು ಟೋಪಿ. ನೀರಿಗೆ ಹಾಕ್ತಿದಾರೆ. ಹಾಕಿದ್ರು. ಕೂತ್ಕೊಳ್ಳಿ" ಎಂದು ಮಗುವನ್ನು ಮಲಗಿಸುವವನಂತೆ ಹೇಳುತ್ತಲೇ ಹೋದ. ನಿಂತವರು ಒಬ್ಬೊಬ್ಬರಾಗಿ ಕೂತರು. ಕೇಕೆ ಹಾಕಿದ ಗುಂಪೇ ಎಲ್ಲರಿಗಿಂತ ಬೇಗ ಟೋಪಿಗಳನ್ನು ದಾಟಿಸಿತು.

ಆ ದಿನ ತಂಡ ಸೋತಿತು. ತೊಟ್ಟಿಗಳಿಗೆ ಬೀಳುವ ಮೊದಲೇ ಇನ್ನೂ ಕೆಲವು ಟೋಪಿಗಳು ಹೊಗೆಯಾಡಿದ್ದವು. ಮಾತು ಕೇಳದೆ ಒಂದನ್ನು ಚೀಲದಲ್ಲಿ ಬಚ್ಚಿಟ್ಟಿದ್ದ ಒಬ್ಬನ ತೊಡೆ ಸುಟ್ಟು, ಅವನು ಕೆಲವು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಪರವಾನಗಿ ರದ್ದಾಯಿತು. ಕುಲಸಚಿವರು ವಿಚಾರಣೆಯಲ್ಲಿ ಮುದ್ರೆ ಮೇಡಂ ಮಾಡಿದ್ದು ಸರಿ ಎಂದು ಹೇಳಿದರು. ಮೆಟ್ಟಿಲ ಬಳಿ ತಾವು ಕೇಳಿದ ಪ್ರಶ್ನೆಯ ಸುದ್ದಿ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೈದುನನ ಕಾರ್ಖಾನೆಯ ಅರ್ಧ ಯಂತ್ರಗಳು ನಿಂತವು. ಓರಗಿತ್ತಿಯ ಬೆರಳು ವಾಸಿಯಾಗುವವರೆಗೂ ಅವನೇ ಮಗಳ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದನಂತೆ. ಅತ್ತಿಗೆಯ ಜೊತೆ ಮಾತ್ರ ಮಾತು ಬಿಟ್ಟ. ಅತ್ತೆ ಇಬ್ಬರ ನಡುವೆ ನುಜ್ಜುಗುಜ್ಜಾದಳು. "ಅವನ ಮೇಲೆ ಕೋಪ, ನಿನ್ನ ಮೇಲೂ ಕೋಪ. ನೀನು ಮಾಡಿದ್ದು ಸರಿ ಅಂತ ಗೊತ್ತಿರೋದಕ್ಕೇ ಇನ್ನೂ ಜಾಸ್ತಿ ಕೋಪ" ಎಂದು ಸೊಸೆಯ ಮುಂದೆ ಅತ್ತಳು. ಗಂಡ ಯಾರ ಪರವೂ ಮಾತಾಡಲಾಗದೆ, ಊಟಕ್ಕೆ ಕೂತಾಗಲೆಲ್ಲ ಮಳೆ-ಬಿಸಿಲಿನ ಮಾತು ತೆಗೆಯುತ್ತಿದ್ದ.

ಹಲವು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಮುದ್ರೆ ಮೇಡಂ ಕಚೇರಿಯ ಬಾಗಿಲು ತೆಗೆದರೆ ಹೊರಗಿನ ಬೆಂಚಿನ ಮೇಲೆ ಮೈದುನ ಕೂತಿದ್ದ. ಮಡಿಲಲ್ಲಿ ಕಾಗದದ ಪೊಟ್ಟಣ. ಒಳಗೆ ದೀಪವಿಲ್ಲದ, ಬರೀ ದಾರದ ಕಸೂತಿಯ ಗೂಬೆಯಿರುವ ಒಂದು ಸಾದಾ ಟೋಪಿ.

"ಇದನ್ನೂ ನಾನು ನೋಡೋ ಹಾಗಿಲ್ಲ" ಎಂದಳು ಅವಳು.

"ಗೊತ್ತು. ಕುಲಸಚಿವರ ಹತ್ರಾನೇ ಹೋಗ್ತೀನಿ. ಎಷ್ಟು ಪರೀಕ್ಷೆ ಬೇಕಾದ್ರೂ ಮಾಡ್ಲಿ." ಅವನು ಎದ್ದ. ಎರಡು ಹೆಜ್ಜೆ ಹೋಗಿ ನಿಂತ. "ಭಾನುವಾರ ಊಟಕ್ಕೆ ಬನ್ನಿ ಅಂತ ಇವಳು ಹೇಳಿದಾಳೆ."

"ಅವಳು ಹೇಳಿದ್ಲಾ, ನೀನು ಹೇಳ್ತಿದೀಯಾ?"

ಅವನು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನಾನೇ ಹೇಳ್ತಿದೀನಿ ಅತ್ತಿಗೆ" ಎಂದು ಮೆಟ್ಟಿಲ ಕಡೆಗೆ ಹೊರಟ.